ಮೇವಿನ ಜೋಳಕ್ಕೆ ಕುಡುಗೋಲು ಯಾವಾಗ, ಎಲ್ಲಿ?

ಜತ್ತ, ಅಕ್ಕಲಕೋಟೆಯ ಕಡೆ ಮಳೆಯನ್ನು ನಂಬಿ ದನ ಕಟ್ಟಿದ ನಮಗೆ ಒಂದು ಹಿಡಿ ಮೇವೂ ದೊಡ್ಡದೇ. ಅದಕ್ಕೇ ಹಲವರು ಮೇವಿನ ಜೋಳವನ್ನು ನೆಲಮಟ್ಟಕ್ಕೆ ಕೊಯ್ಯುತ್ತಾರೆ. ಇದು ಉಳಿತಾಯವಲ್ಲ, ನಷ್ಟ. ಮತ್ತೆ ಮತ್ತೆ ಕೊಯ್ಯುವ ತಳಿಗೆ ನಾಲ್ಕಾರು ಅಂಗುಲ ಕೂಳೆ ಬಿಡಲೇಬೇಕು. ಹೊಸ ಚಿಗುರು ಒಡೆಯುವುದು ಅದರಿಂದಲೇ. ಮೊದಲ ಕೊಯ್ಲು ಸುಮಾರು 60 ದಿನಕ್ಕೆ, ಮುಂದಿನವು 40-45 ದಿನಕ್ಕೊಮ್ಮೆ.

ಒಂದೇ ಕೊಯ್ಲಿನ ಜೋಳವನ್ನು ಅರ್ಧ ಹೊಲ ಹೂವಾಡಿದಾಗ ಕೊಯ್ಯಿರಿ. ಇನ್ನೂ ಬೆಳೆಯಲೆಂದು ಕಾದರೆ ತೂಕ ಬಂದೀತು, ಆದರೆ ದಂಟು ಬಿರುಸಾಗಿ ಸತ್ವ ಇಳಿಯುವುದು. ಅವಸರವೂ ಸಲ್ಲದು: ಮಳೆಯಿಲ್ಲದೆ ಬಾಡಿದ ಮೊಣಕಾಲೆತ್ತರದ ಎಳೆ ಜೋಳ ತಿಂದು ವಿಷವೇರಿ ದನ ಸಾಯುವುದುಂಟು.

ರೈತ ಬಾಂಧವರೇ, ಕುಡುಗೋಲನ್ನು ತುಸು ಮೇಲೆ ಹಿಡಿಯಲು ಕಾಸು ಬೇಡ, ಮನಸ್ಸು ಸಾಕು.