ಆರೋಗ್ಯ ವಿಚಾರ: ಬೆವರಿನ ಉಪಕಾರ

ಚೈತ್ರ ವೈಶಾಖಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಿಸಿಲಿನ ಉಗ್ರತೆಯನ್ನು ನಾವು ವಾಚಕರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ನೆರಳಿನಲ್ಲಿಟ್ಟ ಉಷ್ಣಮಾಪಕವೇ ಸೆಂಟಿಗ್ರೇಡ್ 42 ಅಂಶಗಳನ್ನು ದಾಟುವ ದಿನಗಳುಂಟು. 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರ ವರೆಗೆ ವೇಳೆಯನ್ನು ಗೊತ್ತುಪಡಿಸಿದುದಕ್ಕೆ ಈ ತಾಪವೇ ಕಾರಣವು. ಆದರೂ ನಮ್ಮ ಮೈಯೊಳಗಿನ ಉಷ್ಣವು 37 ಅಂಶಗಳ ಆಸುಪಾಸಿನಲ್ಲಿಯೇ ನಿಲ್ಲುವುದು. ಇದು ಹೇಗೆ?

ಮಿದುಳಿನ ಬುಡದಲ್ಲಿರುವ ಒಂದು ಚಿಕ್ಕ ಭಾಗವು ರಕ್ತದ ತಾಪವನ್ನು ಸದಾ ಗಮನಿಸುತ್ತಿರುವುದು. ಅದು ತುಸು ಏರಿದೊಡನೆ ಚರ್ಮದ ರಕ್ತನಾಳಗಳು ಹಿಗ್ಗುವುವು, ಬೆವರಿನ ಗ್ರಂಥಿಗಳು ಕೆಲಸಕ್ಕೆ ತೊಡಗುವುವು. ಗಾಳಿಯೇ ಮೈಗಿಂತ ಬಿಸಿಯಾದಾಗ ಬೆವರೊಂದೇ ದಾರಿ. ಮಣ್ಣಿನ ಹರವಿಯು ನೀರನ್ನು ತಣಿಸುವ ಬಗೆಯೂ ಇದೇ. ಹೊರಕ್ಕೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುವುದು. ಹರವಿಯ ನೀರು ಬತ್ತಿದರೆ ತಂಪೂ ಬತ್ತುವುದು. ಮೈಯ ಗತಿಯೂ ಅದೇ. ಆರಿದ ಬೆವರು ತಣಿಸುವುದಲ್ಲದೆ ತೊಟ್ಟಿಕ್ಕಿ ಬಿದ್ದುದಲ್ಲ. ಭೀಮಾತೀರದ ಎತ್ತರದ ಕಬ್ಬಿನೊಳಗೆ ಗಾಳಿಯಾಡದೆ ತೇವವು ತುಂಬಿರಲು ಬೆವರು ಬೇಗ ಆರದು. ಅಲ್ಲಿ ನೆರಳಿದೆಯೆಂದು ನಂಬಿ ಬಿಡುವಿಲ್ಲದೆ ದುಡಿಯುವುದು ಸಲ್ಲದು.

ವೃದ್ಧರಿಗೆ ಬಾಯಾರಿಕೆಯೂ ಬೆವರೂ ಕಡಿಮೆ. ಆದುದರಿಂದ ವೈದ್ಯರ ನಿಷೇಧವಿಲ್ಲದಿದ್ದರೆ, ಅವರು ಕೇಳುವ ವರೆಗೆ ಕಾಯದೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿಗಳನ್ನು ಕೊಡುತ್ತಿರತಕ್ಕದ್ದು. ಹೊಲದ ಕೆಲಸವನ್ನು ಹೊತ್ತೇರುವ ಮುನ್ನವೇ ಮುಗಿಸತಕ್ಕದ್ದು.

ಇನ್ನೊಂದು ಮಾತನ್ನು ಗೃಹಸ್ಥರು ಮನಸ್ಸಿನಲ್ಲಿಡಬೇಕೆಂದು ಬೇಡುವೆವು. ಜ್ವರದಲ್ಲಿ ಮಿದುಳೇ ತಾಪವನ್ನು ಏರಿಸಿಕೊಳ್ಳುವುದು. ಬಿಸಿಲಿನ ಹೊಡೆತದಲ್ಲಿಯಾದರೋ ತಣಿಸುವ ಏರ್ಪಾಡೇ ಸೋಲುವುದು. ಆದಕಾರಣ ಜ್ವರದ ಗುಳಿಗೆ ಇಲ್ಲಿ ನಿರರ್ಥಕವು. ಬಿಸಿಲಿನಲ್ಲಿದ್ದವರ ಮೈ ಕೆಂಡದಂತಾಗಿ, ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ, ಬೆವರು ಇರಲಿ ಇಲ್ಲದಿರಲಿ, ಪ್ರಾಣಕ್ಕೆ ಅಪಾಯವೆಂದು ತಿಳಿಯತಕ್ಕದ್ದು. ಕಂಬಳಿ ಹೊದಿಸಕೂಡದು. ಒಬ್ಬರು 108ಕ್ಕೆ ಕರೆ ಮಾಡುತ್ತಿರಲು, ಉಳಿದವರು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸತಕ್ಕದ್ದು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲಾಗದು. ವಾಹನ ಬರುವ ವರೆಗಿನ ಹೊತ್ತು ಮನೆಯವರ ಕೈಯಲ್ಲಿರುವುದು. ಮನೆಯ ನಾಲ್ಕು ಕೊಡ ನೀರೇ ಆಗ ಜೀವವನ್ನು ಉಳಿಸಬಲ್ಲುದು.