ಬಿಸಿಲನ್ನು ಸೂರಿನ ಮೇಲೆಯೇ ತಡೆಯೋಣ



ಶಿವರಾತ್ರಿ ಕಳೆಯಿತೆಂದರೆ ಚಳಿಯು ‘ಶಿವ ಶಿವಾ’ ಎನ್ನುತ್ತಾ ಹೊರಟುಹೋಗುತ್ತದೆಂಬುದು ಹಿರಿಯರ ಮಾತು. ಅಲ್ಲಿಂದ ಮುಂಗಾರಿನ ಮೋಡ ಕವಿಯುವವರೆಗೆ ಚಿತ್ರದುರ್ಗ, ಹಿರಿಯೂರುಗಳ ಬಯಲಿನಲ್ಲಿ ಬಿಸಿಲಿನದೇ ಆಳ್ವಿಕೆ. ಈ ದಿನಗಳಲ್ಲಿ ಏನು ಉಣ್ಣಬೇಕು, ಏನು ಕುಡಿಯಬೇಕು ಎಂದು ಬರೆಯುವುದು ವಾಡಿಕೆ. ಈ ಸಲ ಊಟದ ವಿಚಾರವನ್ನು ಬದಿಗಿಟ್ಟು ಸೂರಿನ ವಿಚಾರ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ರೈತರೊಬ್ಬರು ತಲೆಸುತ್ತು, ಉರಿಮೂತ್ರ, ನಿದ್ರಾಹೀನತೆಯೆಂದು ನನ್ನ ಬಳಿಗೆ ಬಂದರು. ಆಹಾರ, ಮಲಮೂತ್ರ, ನಿದ್ರೆ ಎಲ್ಲವನ್ನೂ ವಿಚಾರಿಸಿ ಪಿತ್ತಶಮನದ ಔಷಧಿ ಕೊಟ್ಟೆ. ಗುಣವಾಗಲಿಲ್ಲ. ಔಷಧಿ ಬದಲಿಸಿದೆ, ಆಗಲೂ ಗುಣವಾಗಲಿಲ್ಲ. ಮೂರನೆಯ ಸಲ ಅವರು ಏಳಲಾರದಾಗ ನಾನೇ ಅವರ ಮನೆಗೆ ಹೋದೆ. ಹಳೆಯ ಮಾಳಿಗೆ ಮನೆಯ ಮುಂದೆ ಮಗ ಹೊಸದಾಗಿ ಪಡಸಾಲೆ ಕಟ್ಟಿಸಿದ್ದ. ಬೆಳಕು ಚೆನ್ನಾಗಿರಲೆಂದು ಮೇಲೆ ಪಾರದರ್ಶಕ ಶೀಟು ಹಾಕಿಸಿ, ಬಿಸಿಲು ತಡೆಯಲು ಶೀಟಿನ ಕೆಳಗೆ ಬೆಳ್ಳಿಬಣ್ಣದ ಪರದೆ ಕಟ್ಟಿಸಿದ್ದ. ತಂದೆಯ ಮಂಚ ಅದರಡಿಯಲ್ಲಿತ್ತು. ಪರದೆಯ ಮೇಲ್ಭಾಗಕ್ಕೆ ಕೈಚಾಚಿದರೆ ಒಲೆಯ ಬಾಯಿಗೆ ಕೈಯೊಡ್ಡಿದಂತಾಯಿತು. ಎಲ್ಲವನ್ನೂ ಕೇಳಿದ್ದ ನಾನು, ‘ಯಜಮಾನರೇ, ಎಲ್ಲಿ ಮಲಗುತ್ತೀರಿ?’ ಎಂದು ಮಾತ್ರ ಕೇಳಿರಲಿಲ್ಲ.

ಅವರ ಮಂಚವನ್ನು ಹಳೆಯ ಮನೆಯ ಒಳಕೋಣೆಗೆ ಸಾಗಿಸಿದೆವು. ರಕ್ತದೊತ್ತಡಕ್ಕೆ ಅವರು ನುಂಗುತ್ತಿದ್ದ ಮೂತ್ರ ಹೆಚ್ಚಿಸುವ ಮಾತ್ರೆಯ ಬಗ್ಗೆ, ಅದನ್ನು ಬರೆದ ವೈದ್ಯರನ್ನು ಕಂಡು ಪ್ರಮಾಣ ಸರಿಪಡಿಸಿಕೊಳ್ಳಲು ಹೇಳಿದೆ. ವಾರ ಕಳೆಯುವಷ್ಟರಲ್ಲಿ ನಿದ್ರೆ ಬಂತು, ತಲೆಸುತ್ತು ಇಳಿಯಿತು. ಅದರ ಶ್ರೇಯಸ್ಸು ನನ್ನ ಔಷಧಿಗಿಂತ ಕರಲುಮಣ್ಣಿನ ಮಾಳಿಗೆಗೆ ಹೆಚ್ಚಾಗಿ ಸಲ್ಲಬೇಕು.

ಚರಕ ಸಂಹಿತೆಯ ಋತುಚರ್ಯೆಯು ಗ್ರೀಷ್ಮದಲ್ಲಿ ಹಗಲು ತಂಪಾದ ಮನೆಯೊಳಗೆ, ಇರುಳು ಬೆಳದಿಂಗಳಿಂದ ತಣಿದ ಮಹಡಿಯ ಮೇಲೆ ಮಲಗಬೇಕೆಂದು ವಿಧಿಸುತ್ತದೆ. ಆಹಾರವಿಹಾರಗಳಷ್ಟೇ ಮಹತ್ವವನ್ನು ಆಚಾರ್ಯರು ವಾಸಸ್ಥಾನಕ್ಕೂ ಕೊಟ್ಟಿದ್ದರು. ನಾವು ಆಹಾರವನ್ನು ಉಳಿಸಿಕೊಂಡು ವಾಸವನ್ನು ಮರೆತೆವು.

ಆ ಪರದೆ ಏಕೆ ಸೋತಿತು? ಪಾರದರ್ಶಕ ಶೀಟಿನ ಮೂಲಕ ಬಿಸಿಲು ಒಳಗೆ ಇಳಿಯುತ್ತದೆ. ಬೆಳ್ಳಿಬಣ್ಣವು ಸ್ವಲ್ಪವನ್ನು ಹಿಂದಕ್ಕೆ ಕಳಿಸುವುದು ನಿಜ; ಉಳಿದದ್ದು ಪರದೆಯನ್ನೇ ಕಾಯಿಸಿ ಮನೆಯೊಳಗೆ ಉಳಿಯುತ್ತದೆ. ಕಳ್ಳನನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದಂತೆ! ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಕೈಯಲ್ಲಿರುವ ಹಣವನ್ನು ಮೊದಲು ಸೂರಿನ ಹೊರಗೆ ಖರ್ಚು ಮಾಡಿ, ಒಳಗಿನ ಪರದೆ ಆಮೇಲಿನ ಮಾತು.

ಹೊಳಲ್ಕೆರೆ, ಹೊಸದುರ್ಗಗಳ ತೋಟದವರಿಗೆ ತೆಂಗಿನ ಗರಿ, ಅಡಿಕೆ ಸೋಗೆಗಳು ಮನೆಬಾಗಿಲಲ್ಲೇ ಇವೆ. ಶೀಟಿನ ಮೇಲೆ ಒಂದೆರಡು ಅಡಿ ಅಂತರ ಬಿಟ್ಟು ಚಪ್ಪರ ಹಾಕಿದರೆ ನಡುವೆ ಗಾಳಿಯಾಡಿ ಕಾವು ಚದುರುತ್ತದೆ. ಒಲೆಯ ಹೊಗೆಗೂಡು, ವಿದ್ಯುತ್ ತಂತಿಗಳಿಂದ ಮಾತ್ರ ಅದು ದೂರವಿರಲಿ. ಗರಿ ಸಿಗದವರು ನೆರಳು ಬಲೆ ಕಟ್ಟಬಹುದು. ಕಪ್ಪು ಬಲೆ ಬಿಸಿಲನ್ನು ಹೀರಿ ತಾನೇ ಕಾಯುತ್ತದೆ. ಬಿಳಿಯ ಅಥವಾ ಬೆಳ್ಳಿಬಣ್ಣದ ಬಲೆ ಮೇಲು. ಯಾವುದೇ ಆಗಲಿ, ಶೀಟಿಗೆ ತಾಗಿಸಿ ಹಾಸಬಾರದು.

ತಗಡಿನ ಸೂರಿಗೆ ಹೊರಬದಿಯ ಬಿಳಿ ಬಣ್ಣ ಹಿತ. ಹೊಳೆಯುವ ತಗಡು ಬಿಸಿಲನ್ನು ಪ್ರತಿಫಲಿಸಿದರೂ ಹೀರಿಕೊಂಡ ಕಾವನ್ನು ಸುಲಭವಾಗಿ ಬಿಟ್ಟುಕೊಡದು. ಬಿಳಿ ಬಣ್ಣ ಎರಡನ್ನೂ ಮಾಡುತ್ತದೆ. ಆರ್‌ಸಿಸಿ ಚಾವಣಿಗೆ ಸುಣ್ಣವೇ ಸಾಕು, ವರ್ಷಕ್ಕೊಮ್ಮೆ ಬಳಿಯಬೇಕು. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಸಿಮೆಂಟ್ ಶೀಟಿನ ಮೇಲೆ ಯಾರೂ ಕಾಲಿಡಬೇಡಿ, ಅದು ಮುರಿಯುತ್ತದೆ. ಇದೇನೂ ಹಳ್ಳಿಗರ ಅಗ್ಗದ ಉಪಾಯವಲ್ಲ. ಅಹಮದಾಬಾದಿನಲ್ಲಿ ಬಡವರ ಮನೆಗಳ ಚಾವಣಿಗೆ ಬಿಳಿ ಬಣ್ಣ ಬಳಿದಿದ್ದಾರೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗೆಂದೇ ನೀತಿಯನ್ನು ಹೊರಡಿಸಿದೆ.

ಹೊರಗೆ ಏನನ್ನೂ ಕಟ್ಟಲಾಗದ ಬಾಡಿಗೆ ಮನೆಯವರು ಏನು ಮಾಡಬೇಕು? ಅವರಿಗೆ ಒಳಪರದೆಯೇ ಗತಿ. ಪಾರದರ್ಶಕ ಶೀಟಿನಡಿ ಅದರ ಹೊಳೆಯುವ ಮುಖ ಮೇಲಕ್ಕಿರಲಿ. ಶೀಟಿಗೂ ಪರದೆಗೂ ನಡುವೆ ಸಾಕಷ್ಟು ಅಂತರವಿರಲಿ. ಗೋಡೆಯ ಮೇಲ್ತುದಿಯಲ್ಲಿ ಕಾದ ಗಾಳಿ ಹೊರಹೋಗಲು ಗವಾಕ್ಷಿ ಬಿಡಿ.

‘ಫ್ಯಾನ್ ಇದೆಯಲ್ಲ, ಡಾಕ್ಟರೇ?’ ಎನ್ನುವವರಿದ್ದಾರೆ. ಸುತ್ತಲಿನ ಗಾಳಿ ಮೈಯ ಶಾಖವನ್ನೂ ಮೀರಿ ಕಾದಾಗ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆ. ಅವರು ಬಾಯಿಬಿಟ್ಟು ಹೇಳುವುದೂ ಕಡಿಮೆ. ಬಿಸಿಲಿನ ಹೊತ್ತಿನಲ್ಲಿ ಹಿರಿಯರ ಮಾತು ತೊದಲಿದರೆ, ಮೈ ಸುಡುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ಲಾವಂಚದ ನೀರು, ಮಜ್ಜಿಗೆ, ಕಷಾಯಗಳಿಗೆ ಕಾಯಬೇಡಿ. ಮೈಯುಷ್ಣ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಪ್ರಾಣಾಪಾಯ. 108ಕ್ಕೆ ಕರೆಮಾಡಿ, ನೆರಳಿಗೆ ಸಾಗಿಸಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ನಮ್ಮ ರೈತರು ಪಾಲಿಹೌಸಿನ ಸಸಿಗಳು ಬಾಡಬಾರದೆಂದು ಬಲೆ ಕಟ್ಟಿ ನೆರಳು ಕೊಡುತ್ತಾರೆ. ಸಸಿಗೆ ದೊರೆತ ನೆರಳು ಹೆತ್ತವರ ಮಂಚಕ್ಕೆ ದೊರೆಯಬಾರದೇ? ಈ ಲೇಖನ ಓದಿ ಮುಗಿಸಿದವರು ಇಂದು ಮಧ್ಯಾಹ್ನ ಎರಡು ಗಂಟೆಗೆ ತಮ್ಮ ಮನೆಯ ಹಿರಿಯರು ಮಲಗುವ ಜಾಗದಲ್ಲಿ ಕಾಲು ಗಂಟೆ ಮಲಗಿ ನೋಡಲಿ. ನೆರೆಯಲ್ಲಿ ತಗಡಿನಡಿ ಒಬ್ಬಂಟಿಯಾಗಿರುವ ಅಜ್ಜಿಯೊಬ್ಬರಿದ್ದರೆ, ಅವರ ಸೂರಿಗೆ ಬಣ್ಣ ಬಳಿಯುವುದನ್ನೂ ನಮ್ಮ ಯುವಕರು ಒಂದು ದಿನದ ಕಾಯಕವೆಂದು ತಿಳಿಯಲಿ.