ತಿಪ್ಪೆಯಲ್ಲಿದೆ ಪೇಟೆಯ ಲೆಕ್ಕ

2020ರ ಫೆಬ್ರುವರಿಯಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹರಪ್ಪ ಕಾಲದ ಊಟ ಬಡಿಸುವ ಕಾರ್ಯಕ್ರಮ ನಡೆಯಿತು. ಪಟ್ಟಿಯಲ್ಲಿದ್ದ ಮಾಂಸದ ಅಡುಗೆಗಳನ್ನು ಕೊನೇ ಗಳಿಗೆಯಲ್ಲಿ ಕೈಬಿಟ್ಟರು. ಗಲಾಟೆಯ ನಡುವೆ ಹರಪ್ಪದವರು ಮಾಂಸ ತಿನ್ನುತ್ತಿದ್ದರೇ ಎಂಬ ಮಾತೂ ಎದ್ದಿತು. ಪುರಾತತ್ವದ ಮಟ್ಟಿಗೆ ಅದು ಎಂದೋ ಇತ್ಯರ್ಥವಾದ ಪ್ರಶ್ನೆ. ಸಿಂಧೂ ನೆಲೆಗಳಲ್ಲಿ ಸಿಕ್ಕ ಸಾಕುಪ್ರಾಣಿಗಳ ಮೂಳೆಗಳಲ್ಲಿ ಸರಾಸರಿ ಶೇ 50ರಿಂದ 60ರಷ್ಟು ದನ, ಎಮ್ಮೆಗಳವು. ಕುರಿ–ಮೇಕೆಗಳದ್ದು ಶೇ 10ರ ಆಸುಪಾಸು. ಅಕ್ಷ್ಯತಾ ಸೂರ್ಯನಾರಾಯಣ್ ಮತ್ತು ಸಂಗಡಿಗರು ಮಡಕೆಚೂರುಗಳಲ್ಲಿ ಇಂಗಿದ್ದ ಕೊಬ್ಬನ್ನು ಪರೀಕ್ಷಿಸಿ ಅದೇ ವರ್ಷದ ಕೊನೆಗೆ ಪ್ರಕಟಿಸಿದ ಅಧ್ಯಯನವೂ ಮಾಂಸದ ಅಡುಗೆಯ ಕುರುಹುಗಳನ್ನು ಗುರುತಿಸಿದೆ.

ತಿಂದದ್ದು ಹೌದು. ತಂದುಕೊಟ್ಟವರು ಯಾರು? ಕೊಟ್ಟಿಗೆಯಿಂದ ದೂರ ಸರಿದ ನಗರಕ್ಕೆ ಮಾಂಸ ಒದಗಿದ್ದು ಹೇಗೆ? ಮೂಳೆಗಳಿಗೆ ನಾವು ಕೇಳಬೇಕಾದದ್ದು ಇದು.

ಒಂದು ಕೆಳದವಡೆ ಸಿಕ್ಕರೆ ಸಾಕು. ಹಾಲುಹಲ್ಲು ಬಿದ್ದಿದೆಯೇ, ಕೊನೆಯ ದವಡೆಹಲ್ಲು ಮೂಡಿದೆಯೇ, ಎಷ್ಟು ಸವೆದಿದೆ ಎಂಬುದರಿಂದ ಪ್ರಾಣಿ ಸತ್ತ ವಯಸ್ಸು ತಿಳಿಯುತ್ತದೆ. ಸಾಕುವವರ ತಿಪ್ಪೆಯಲ್ಲಿ ಎಳೆಗರುವಿನಿಂದ ಮುದಿ ಹಸುವಿನವರೆಗೆ ಎಲ್ಲವೂ ಬೆರೆತಿರುತ್ತವೆ; ಕೊಂಡು ತಿನ್ನುವವರ ತಿಪ್ಪೆಯಲ್ಲಿ ಮೈತುಂಬಿದ ಪ್ರಾಯದವೇ ಹೆಚ್ಚು. ಹರಪ್ಪದ ದನಗಳಲ್ಲಿ ಶೇ 90ರಷ್ಟು ಮೂರು, ಮೂರೂವರೆ ವರ್ಷದವರೆಗಾದರೂ ಬದುಕಿದ್ದವು. ಹಾಲು, ಉಳುಮೆ ಮೊದಲು. ಮಾಂಸದ ಸರದಿ ಆಮೇಲೆ. ಸಮುದ್ರದಿಂದ ಎಂಟುನೂರು ಕಿ.ಮೀ.ಗೂ ಹೆಚ್ಚು ಒಳಗಿರುವ ಅದೇ ಊರಲ್ಲಿ ಕಡಲಮೀನಿನ ಮೂಳೆಗಳೂ ಸಿಕ್ಕಿವೆ. ಉಪ್ಪು ಹಚ್ಚಿಯೋ ಒಣಗಿಸಿಯೋ ತಂದಿರಬೇಕು, ತಾಜಾ ಮೀನು ಆ ದಾರಿ ತಡೆಯುವುದಿಲ್ಲ.

ಶೇಕಡಾವಾರು ಲೆಕ್ಕವನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಕೈಗೆ ಸಿಕ್ಕಿದ್ದನ್ನಷ್ಟೇ ಆಯ್ದರೆ ದನದ ತೊಡೆಮೂಳೆ ಉಳಿಯುತ್ತದೆ, ಮೀನಿನ ಮುಳ್ಳು ಮಣ್ಣಿನೊಂದಿಗೆ ಹೊರಗೆ ಹೋಗುತ್ತದೆ. ಜರಡಿ ಹಿಡಿದ ಗುಂಡಿಯ ಊಟವೇ ಬೇರೆ, ಹಿಡಿಯದ ಗುಂಡಿಯ ಊಟವೇ ಬೇರೆ.

ನಮ್ಮ ಗಮನಕ್ಕೂ ಇಂಥದ್ದೇ ಒಂದು ಜರಡಿ ಇದೆ. ತುಂಗಭದ್ರಾ ದಡದ ಪ್ರಾಗೈತಿಹಾಸಿಕ ನೆಲೆ ಹಳ್ಳೂರಿನಲ್ಲಿ ಸಿಕ್ಕ ಮೂಳೆಗಳನ್ನು ಪಶುವೈದ್ಯ ಕೆ.ಆರ್. ಆಲೂರ ಪರಿಶೀಲಿಸಿದ್ದರು. 1971ರಲ್ಲಿ ವರದಿ ಬಂದಾಗಿನಿಂದ ಚರ್ಚೆಯೆಲ್ಲ ಅದರಲ್ಲಿದ್ದ ಕುದುರೆಯ ಮೂಳೆಗಳ ಬಗ್ಗೆ. ಅಲ್ಲಿನ ಜನ ದಿನನಿತ್ಯ ಏನುಂಡರು ಎಂದು ಕೇಳಿದವರು ಕಡಿಮೆ.

ಕೇಳಲು ಹಂಪಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬೀದಿಬೀದಿಯಲ್ಲೂ ಕುರಿಮಾಂಸ ಮಾರುತ್ತಿದ್ದರೆಂದು ಬರೆದ. ಬಳಿಕ ಬಂದ ಫರ್ನಾವೊ ನ್ಯೂನಿಜ್, ಕೊಳ್ಳುವವರಿಗೆ ತಾವೇನು ಕೊಳ್ಳುತ್ತಿದ್ದೇವೆಂದು ತಿಳಿಯಲೆಂದು ಬೇಟೆಯ ಪ್ರಾಣಿಗಳನ್ನಾದರೂ ಜೀವಂತವಾಗಿಯೇ ಮಾರಬೇಕಿತ್ತು ಎನ್ನುತ್ತಾನೆ. ಇಬ್ಬರ ಮಾತೂ ನಿಜವಾದರೆ ಮನೆಗಳ ಕಸದಲ್ಲಿ ಮೊಲ, ಕೌಜುಗಗಳ ತಲೆಯಿಂದ ಕಾಲಿನವರೆಗಿನ ಮೂಳೆಗಳು ಸಿಗಬೇಕು. ಕುರಿಯದ್ದಾದರೆ ತೊಡೆ, ಪಕ್ಕೆಲುಬು ಮನೆಯಲ್ಲಿ, ತಲೆ–ಗೊರಸು ಕಟುಕರ ಬೀದಿಯಲ್ಲಿ. ಮನೆಯಲ್ಲೂ ಕುರಿಯ ಗೊರಸು ಸಿಕ್ಕಿತೋ, ಪಾಯಸ್ ಕಂಡ ಬೀದಿಯ ಅಂಗಡಿ ಎಲ್ಲರಿಗೂ ಇರಲಿಲ್ಲ, ಕೆಲವರು ಹಿತ್ತಲಲ್ಲೇ ಕೊಯ್ದುಕೊಳ್ಳುತ್ತಿದ್ದರು ಎಂದಾಗಬಹುದು. ಕಾಲುಸೂಪು ಕುಡಿಯುವವರೂ ಇದ್ದಿರಬಹುದು ಅನ್ನಿ. ಅದಕ್ಕೇ ತಲೆಯನ್ನೂ ಸೇರಿಸಿ ನೋಡಬೇಕು. ಈ ಪರೀಕ್ಷೆ ನಡೆಯಬೇಕಾದರೆ ಮೂಳೆಯ ಪ್ರತಿ ಚೀಲದ ಮೇಲೂ ಅದು ಯಾವ ಮನೆಯದು, ಯಾವ ಗುಂಡಿಯ ಯಾವ ಪದರದ್ದು ಎಂಬ ಚೀಟಿ ಇರಬೇಕು. ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ವರದಿಯ ಕೊನೆಯಲ್ಲಿ ಅನುಬಂಧವಾಗಿ ಪ್ರಾಣಿಗಳ ಪಟ್ಟಿ ಅಚ್ಚು ಹಾಕಿದರೆ, ಹಂಪಿಯಲ್ಲಿ ಕುರಿ ಇತ್ತು ಎಂಬಷ್ಟೇ ಗೊತ್ತಾಗುತ್ತದೆ.